ಕಲ್ಲಾದ ಕಟ್ಟಿಗೆಯ ಗೆರೆಗಳು

ಬೈಲಹೊಂಗಲದ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ವಿಭಾಗದ ಕಪಾಟಿನಲ್ಲಿ ಅಂಗೈಯಗಲದ ಒಂದು ಕಲ್ಲಿದೆ. ಒಂದು ಕಾಲಕ್ಕೆ ಅದು ಮರ. ಆ ಕುಲ ಅಳಿದುಹೋಗಿದೆ. ಅದರ ಎಲೆ, ಹೂವು, ಕಾಯಿ ಯಾರೂ ಕಂಡಿಲ್ಲ. ಕಲ್ಲಾಗಿ ಉಳಿದ ಕಟ್ಟಿಗೆಯನ್ನಷ್ಟೇ ನೋಡಿ ಹೆಸರಿಟ್ಟಿದ್ದಾರೆ. ಕೊಯ್ದು ನಯ ಮಾಡಿದ ಅದರ ಮುಖದ ತುಂಬ ಬಾಗಿದ ಸಣ್ಣ ಗೆರೆಗಳು. ‘ಗೆರೆಗೊಂದು ವರ್ಷ, ಎಣಿಸಿ ಮರದ ವಯಸ್ಸು ಹೇಳಿ’ ಎಂದು ಪ್ರತಿ ವರ್ಷ ಹುಡುಗರ ಕೈಗೆ ಕೊಡುತ್ತಿದ್ದೆ. ನಾನೇನೂ ಪರೀಕ್ಷಿಸಿ ನೋಡಿರಲಿಲ್ಲ. ನನಗೆ ಹೇಳಿದವರು ಹಾಗೆ ಹೇಳಿದ್ದರು, ಅಷ್ಟೇ.

ಆ ಕಲ್ಲಿಗೊಂದು ಗಾಜಿನ ಮುಚ್ಚಳದ ಪೆಟ್ಟಿಗೆ ಬೇಕಾಯಿತು. ನನ್ನಪ್ಪ ಕಟಕೋಳದಲ್ಲಿ ಬಡಿಗ. ಅಳತೆ ತೆಗೆದುಕೊಳ್ಳಲು ಬಂದಾಗ ಪಾಠ ನಡೆದಿತ್ತು. ಅವನು ನನ್ನಪ್ಪ ಎಂದು ಹುಡುಗರಿಗೆ ನಾನು ಹೇಳಲಿಲ್ಲ. ಅಪ್ಪ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದ, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಅದರ ಮುಖ ಒದ್ದೆ ಮಾಡಿದ. ಯಾವ ಕಟ್ಟಿಗೆ ಎಂದು ಅವನು ಗುರುತು ಹಿಡಿಯುವುದೇ ಹಾಗೆ. ಹಿಂದಿನ ಬೆಂಚಿನವರು ಕಿಸಕ್ಕೆಂದರು.

“ಸರ್, ತಪ್ಪ ತಿಳಕೋಬ್ಯಾಡ್ರಿ,” ಎಂದ. ಹುಡುಗರೆದುರು ಮಗನನ್ನು ಸರ್ ಎಂದಿದ್ದ. “ಇವು ವರ್ಷದ ಗೆರಿ ಅಲ್ರಿ. ಹುಲಗಲ, ಹೊಂಗಿ ಅಂತಾರಲ್ರಿ, ಅದರ ಕಟಿಗ್ಯಾಗ ಹಿಂಗ ಇರ್ತಾವ. ಹಿತ್ತಲದಾಗ ನಾನ ಹಚ್ಚಿದ ಹುಲಗಲ ಕಡದಾಗ ಎಣಿಸೇನಿ. ಹನ್ನೆರಡ ವರ್ಷದ ಗಿಡ, ಗೆರಿ ನೂರರ ಮ್ಯಾಲ ಇದ್ದುವು.”

“ಅಳತಿ ಆತಲ್ಲ? ಹೋಗ್ರಿ ಇನ್ನ,” ಎಂದೆ.

ಹೋದ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಲೆನ್ಸಿನಡಿ ನೋಡಿದೆ. ಅಪ್ಪ ಹೇಳಿದ್ದು ನಿಜ. ಅವು ಮರ ತನ್ನ ಆಹಾರ ಕೂಡಿಡುವ ಜೀವಕೋಶಗಳ ಪಟ್ಟಿಗಳು. ಒಂದೇ ವರ್ಷದಲ್ಲಿ ಎಷ್ಟೋ ಮೂಡುತ್ತವೆ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಸುಳ್ಳು ಎಣಿಸಲು ಕಲಿಸಿದೆನೋ ಎಂದು ಮುಖ ಬಿಸಿಯಾಯಿತು.

ಮುಂದಿನ ವಾರ ಅದೇ ತರಗತಿಯಲ್ಲಿ ಪಾಠ ತಿದ್ದಿದೆ. ಒಬ್ಬ ಹುಡುಗಿ ಎದ್ದು, “ಸರ್, ಅವತ್ತ ಬಡಿಗ್ಯಾರೂ ಇದನ್ನ ಹೇಳಿದ್ರಲ್ರಿ?” ಎಂದಳು.

ಅವರು ನನ್ನಪ್ಪ, ನನಗೆ ಕಲಿಸಿದ್ದು ಅವರೇ ಎಂದರೆ ಮುಗಿಯುತ್ತಿತ್ತು. ಆದರೆ “ಪುಸ್ತಕದಾಗ ಐತಿ,” ಎಂದೆ. ತಿರುಗಿದರೆ ಬಾಗಿಲಲ್ಲಿ ಅಪ್ಪ, ಕಂಕುಳಲ್ಲಿ ಹೊಸ ಪೆಟ್ಟಿಗೆ.

ಹುಡುಗರು ಹೋದ ಮೇಲೆ ಒಳಗೆ ಬಂದ. ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಹಿಗ್ಗಿಹೋಗಿದ್ದ.

“ತಮ್ಮಾ, ಪುಸ್ತಕದಾಗೂ ಹಂಗ ಬರದಾರ? ಎಲ್ಲೈತಿ, ತೋರಸು.”

ಆಗಲೂ ನಿಜ ಹೇಳಬಹುದಿತ್ತು. ಅದರ ಬದಲು ಕಪಾಟಿನಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಎಳೆದು, ಕೈಗೆ ಬಂದ ಪುಟ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಅಂಗಿಗೆ ಕೈ ಒರೆಸಿಕೊಂಡು ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಬರದಾಂವ ಭಾಳ ಶ್ಯಾಣ್ಯಾ ಅದಾನ,” ಎಂದ.

ನಾನು ತೋರಿಸಿದ ಸಾಲು ಪಾಚಿಯ ಬಗ್ಗೆ ಇತ್ತು.