ಎರಡು ಹೊರೆ ಹುಲ್ಲು ತಿನ್ನುವ ಗೌರಿ

ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪ್ರವಾಹ ಬಂದರೆ ಯಾರನ್ನೆಲ್ಲ ಶಾಲೆಗೆ ಸಾಗಿಸಬೇಕೆಂದು ಪಟ್ಟಿ ಮಾಡಲು, ಮಳೆಗಾಲಕ್ಕೆ ಮುಂಚೆಯೇ ನನ್ನನ್ನು ಹೊಳೆದಂಡೆಯ ಒಂದು ಹಳ್ಳಿಗೆ ಕಳಿಸಿದರು.

ಡೈರಿಗೆ ಹಾಲು ಹಾಕಿ ಬದುಕುತ್ತಿದ್ದ ಸಿದ್ದಮ್ಮ ನನ್ನ ಮಾತೆಲ್ಲ ಕೇಳಿ, “ಗೌರಿ ಎಲ್ಲಿರ್ತಾಳೆ ಸಾ?” ಅಂದಳು.

ಗೌರಿ ಅವಳ ಎಮ್ಮೆ.

“ಪಟ್ಟಿ ಮನುಷ್ಯರಿಗೆ ಮಾತ್ರ ಕಣಮ್ಮ.”

“ಅಂಗಾದ್ರೆ ನನ್ನೆಸ್ರೂ ಒಡ್ದಾಕಿ. ಓದ್ಸಲ ನೀರು ಬಂದಾಗ ಇವಳ ತಾಯಿನ ಕಟ್ಟಾಕಿದ್ದ ಕಡೆನೇ ಬುಟ್ಟು ದೋಣಿ ಅತ್ತಿದ್ದೆ. ಅದು ಕೂಗಿದ್ದು ಇನ್ನೂ ಕಿವೀಲೇ ಅದೆ. ಈ ಸಲ ನಾನು ಬರಾಕಿಲ್ಲ.”

ನಾನು ಹೆಸರು ಹೊಡೆದುಹಾಕಲಿಲ್ಲ. ಅವಳ ಹೆಸರಿನ ಕೆಳಗೆ ‘ಗೌರಿ, ಹೆಣ್ಣು, ಊಟ: ದಿನಕ್ಕೆ ಎರಡು ಹೊರೆ ಹುಲ್ಲು’ ಎಂದು ಬರೆದುಬಿಟ್ಟೆ.

ಪಟ್ಟಿ ಓದಿದ ತಹಶೀಲ್ದಾರರು ಕನ್ನಡಕ ತೆಗೆದರು. “ಏನ್ರೀ, ಈಯಮ್ಮ ಹುಲ್ಲು ತಿಂತಾಳಾ?”

ಬೈಸಿಕೊಳ್ಳಲು ಸಿದ್ಧನಾಗಿಯೇ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಬೇರೆ ಮನೆಗಳಲ್ಲಿ ದನ ಎಷ್ಟಿವೆ, ಕೇಳಿದ್ರಾ?” ಅಂದರು.

“ಇಲ್ಲ ಸಾರ್.”

“ಹಾಗಾದ್ರೆ ಇನ್ನೊಂದ್ಸಲ ಹೋಗಿ ಬನ್ನಿ.”

ಶಾಲೆಯ ಅಂಗಳದಲ್ಲಿ ಗೂಟ ಹೊಡೆಸಿದೆವು, ಹುಲ್ಲು ತರಿಸಿದೆವು. ಆ ವರ್ಷವೇ ನೀರು ಊರೊಳಗೆ ನುಗ್ಗಿತು. ಯಾರನ್ನೂ ಬೇಡಿಕೊಳ್ಳಬೇಕಾಗಲಿಲ್ಲ. ಸಿದ್ದಮ್ಮ ಗೌರಿಯನ್ನು ಹಿಡಿದು ಎಲ್ಲರಿಗಿಂತ ಮುಂದೆ ಬಂದಳು, ಹಿಂದೆಯೇ ಇಡೀ ಬೀದಿ ತನ್ನ ದನಕರುಗಳೊಂದಿಗೆ ಬಂತು.

ಹೆಡ್‌ಮೇಷ್ಟ್ರು ಮಾತ್ರ ಅಂಗಳದ ಸೆಗಣಿ ನೋಡಿ ವಾರವಿಡೀ ಗೊಣಗಿದರು. ಆದರೆ ಮೂರು ಹೊತ್ತೂ ಗಟ್ಟಿ ಹಾಲಿನ ಕಾಫಿ ಸಿಗುತ್ತಿದ್ದುದರಿಂದ, ದೂರು ಬರೆಯುವ ಮಟ್ಟಕ್ಕೆ ಹೋಗಲಿಲ್ಲ.