ಟಗರಿನ ಪಾಲಿನ ನೀರು

ನಿಜಾಮನ ಆಡಳಿತ ಮುಗಿದ ಹೊಸತು. ಕಡುಬೇಸಿಗೆಯಲ್ಲಿ ಸರ್ಕಾರದ ಪರವಾಗಿ ಭಾಷಣ ಮಾಡಲು ದೇವಾಪುರಕ್ಕೆ ಹೋದವನು, ಮೊದಲು ಸ್ನಾನವಾಗಲಿ ಎಂದು ಮೆಟ್ಟಿಲುಬಾವಿಗೆ ಇಳಿದೆ. ಕುರಿ ಕಾಯುವ ಮುದುಕಿಯೊಬ್ಬಳು ತಡೆದು, ಬಾವಿಗೋಡೆಯಲ್ಲಿ ಕೆತ್ತಿದ್ದ ನಂದಿ ಬಸವಣ್ಣನನ್ನು ತೋರಿಸಿದಳು.

“ನೀರಾಗಿಂದ ಕೋಡು ಕಂಡಾವ್ರಿ. ಇನ್ನ ಮಳಿ ಬರೋತನಕ ಕುಡಿಯಾಕಷ್ಟ ನೀರು. ಹೊಲಕ್ಕಿಲ್ಲ, ಜಳಕಕ್ಕಿಲ್ಲ.”

“ನಾನು ಹೊಸ ಸರ್ಕಾರದವನಮ್ಮಾ!”

“ಹಳಿ ಸರ್ಕಾರದವರೂ ಜಳಕ ಮಾಡ್ಲಾರ್ದ ಹೋಗ್ಯಾರ್ರಿ.”

ಕೊನೆಗೆ ನನ್ನ ಬೆವರು ನೋಡಿ ಕರುಣೆ ಬಂತೇನೋ, ತನ್ನ ಟಗರಿಗೆಂದು ತುಂಬಿಕೊಂಡಿದ್ದ ನೀರಿನಲ್ಲೇ ಒಂದು ತಂಬಿಗೆ ಕೊಟ್ಟಳು. ಮುಖ ತೊಳೆದೆ, ಹಾಯೆನಿಸಿತು.

ಸಂಜೆ ಸಭೆಯಲ್ಲಿ, “ಇನ್ನು ಮೇಲೆ ಯಾರ ಪಾಲನ್ನೂ ಯಾರೂ ಕಸಿಯುವಂತಿಲ್ಲ!” ಎಂದು ಗುಡುಗಿದೆ. ಊರೆಲ್ಲ ಚಪ್ಪಾಳೆ ತಟ್ಟಿತು. ಮುದುಕಿಯ ಪಕ್ಕ ನಿಂತಿದ್ದ ಟಗರು ಮಾತ್ರ ನನ್ನ ತೊಳೆದ ಮುಖವನ್ನೇ ನೋಡುತ್ತಿತ್ತು.