ಕಾಲುಂಗುರ ಒತ್ತಿದರೆ ನಗು

ಹೊಲಿಗೆ ಯಂತ್ರ ಬಿಗಿಯಾಗಿ ತಿರುಗುತ್ತಿದೆ ಎಂದು ಮೊನ್ನೆ ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟೆ. ಒಂದೆರಡು ಹನಿ ಚೆಲ್ಲಿ ಪಕ್ಕದಲ್ಲಿದ್ದ ನೂಲಿನ ಉಂಡೆಗೆ ತಗಲಿತು. ಎಣ್ಣೆ ಕುಡಿದ ನೂಲಿನ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎದೆ ಡವಡವ ಅನ್ನತೊಡಗಿತು. ಐವತ್ತು ದಾಟಿದ ಹೆಂಗಸು ವಾಸನೆಗೆ ಹೆದರುತ್ತಾಳೆ ಎಂದರೆ ಯಾರು ನಂಬಬೇಕು? ನಮ್ಮ ಮನೆಯಲ್ಲಿ ನಾನು ಯಾವುದಕ್ಕೂ ಅಂಜದವಳು ಎಂದು ಹೆಸರಾಗಿದ್ದೇನೆ. ಇರಲಿ, ಆ ಹೆಸರು ಹಾಗೇ ಇರಲಿ.

ಅದು ಖಾಸಬಾಗದ ನಮ್ಮ ಓಣಿಯ ವಾಸನೆ. ಎಂಬತ್ತರ ದಶಕದ ನಡುಭಾಗ, ನನಗಾಗ ಹತ್ತು ವರ್ಷ. ನಮ್ಮ ಬಾಜೂ ಮನೆಯ ಪಡಸಾಲೆಯಲ್ಲಿ ಎರಡು ಪಾವರ್‌ಲೂಮ್ ಮಗ್ಗಗಳಿದ್ದವು. ಅವು ಖಟಖಟ ಎನ್ನತೊಡಗಿದರೆ ನಮ್ಮ ಗೋಡೆಗೆ ತೂಗುಹಾಕಿದ್ದ ಕನ್ನಡಿಯೂ ನಡುಗುತ್ತಿತ್ತು. ಆ ಮನೆಯ ಸೊಸೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಖಾನಾಪುರದ ಆಚೆ, ಕಣಕುಂಬಿ ರಸ್ತೆಯಲ್ಲಿರುವ ಒಂದು ಹಳ್ಳಿ ಅವರ ತವರು. ಮದುವೆಯಾಗಿ ಮೂರು ವರ್ಷವಾಗಿತ್ತು. ದಿನವಿಡೀ ರಾಟಿಯ ಮುಂದೆ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುವುದು ಅವರ ಕೆಲಸ. ಅವರ ಸೆರಗಿಗೂ ಕೈಗೂ ಇದೇ ವಾಸನೆ ಇರುತ್ತಿತ್ತು. ಸಾಲೆ ಬಿಟ್ಟರೆ ನಾನು ಪಾಟಿಚೀಲ ಒಗೆದು ಸೀದಾ ಅವರ ಬಳಿ ಹೋಗಿ ಕೂರುತ್ತಿದ್ದೆ.

ಮಗ್ಗದ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುತ್ತಾರೆ. ಆದ್ದರಿಂದಲೇ ವೈನಿಯ ಗುಟ್ಟು ಅಲ್ಲಿ ಒಂದು ವರ್ಷ ಬಚಾವಾಗಿತ್ತು.

ನನಗೆ ಅದು ಗೊತ್ತಾದದ್ದು ಒಂದು ಮಧ್ಯಾಹ್ನ. ಕರೆಂಟು ಹೋಗಿ ಮಗ್ಗಗಳು ಸುಮ್ಮನಾಗಿದ್ದವು. ವೈನಿ ಒಲೆಗೆ ಬೆನ್ನು ಮಾಡಿ ಕೂತು ರೊಟ್ಟಿಯ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಒಲೆಯ ಮೇಲೆ ಹಾಲು ಏರುತ್ತಿತ್ತು. "ವೈನಿ, ಹಾಲು ಉಕ್ಕಾಕತ್ತೈತ್ರಿ" ಎಂದು ಹಿಂದಿನಿಂದ ಮೂರು ಸಲ ಕೂಗಿದೆ. ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು ನನ್ನ ತುಟಿಯನ್ನೇ ನೋಡಿದರು. ಹಾಲಿಳಿಸಿ, ಅಡುಗೆಮನೆಯ ಕದ ಮುಂದೆ ಮಾಡಿ, ನನ್ನ ಎರಡೂ ಮುಂಗೈ ಹಿಡಿದುಕೊಂಡರು.

"ಕಳದ ವರ್ಷ ಜ್ವರಾ ಬಂದಿತ್ತಲ್ಲ, ಅವಾಗಿಂದ ನನಗೇನೂ ಕೇಳಸೂದಿಲ್ಲ ತಂಗಿ. ಯಾರ ಮುಂದೂ ಹೇಳಬ್ಯಾಡ. ಆಯಿಗೆ ಗೊತ್ತಾದ್ರ ನನ್ನ ತವರಿಗೆ ಬಿಟ್ಟು ಬರ್ತಾರ. ಇವ್ರಿಗೆ ಬ್ಯಾರೆ ಹೆಣ್ಣು ತರ್ತಾರ."

ಆಯಿ ಎಂದರೆ ಅವರ ಅತ್ತೆ. ಕೆಟ್ಟವರೇನಲ್ಲ. ನಾನು ಹೋದಾಗಲೆಲ್ಲ ಶೇಂಗಾ ಉಂಡಿ ಕೊಡುತ್ತಿದ್ದರು. ಅಂದಿನಿಂದ ಆ ಉಂಡಿಯನ್ನು ಅವರೆದುರು ತಿನ್ನದೆ ಮನೆಗೆ ಒಯ್ಯತೊಡಗಿದೆ.

ಆ ದೀಪಾವಳಿಗೆ ಅವರ ಮನೆಗೆ ಟಿ.ವಿ. ಬಂತು. ಓಣಿಗೆಲ್ಲ ಅದೊಂದೇ. ಎಳೆದು ಮುಚ್ಚುವ ಕಟ್ಟಿಗೆಯ ಬಾಗಿಲಿದ್ದ ಕಪ್ಪುಬಿಳುಪಿನ ಡಬ್ಬಿ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಒಂದು ನಗೆ ಧಾರಾವಾಹಿ ಬರುತ್ತಿತ್ತು. ಅದಕ್ಕಾಗಿ ಎರಡೂ ಮಗ್ಗ ನಿಲ್ಲಿಸುತ್ತಿದ್ದರು. ಗಂಡಸರು ಮುಂದೆ ಮಂಚದ ಮೇಲೆ, ಆಯಿ ಚಾಪೆಯ ಮೇಲೆ, ಓಣಿಯ ಮಂದಿ ಜಾಗ ಸಿಕ್ಕಲ್ಲಿ. ವೈನಿ ಎಲ್ಲರ ಹಿಂದೆ, ಅಡುಗೆಮನೆಯ ಹೊಸ್ತಿಲ ಬಳಿ, ತಲೆತುಂಬ ಸೆರಗು ಹೊದ್ದು. ಅವರ ಬಾಜೂ ನಾನು.

ಡಬ್ಬಿಯೊಳಗೆ ಯಾರೋ ನಾಲ್ಕು ಮಾತಾಡುತ್ತಿದ್ದರು, ಕೂಡಲೇ ಕಾಣದ ಜನ ಘೊಳ್ಳೆಂದು ನಗುತ್ತಿದ್ದರು. ನಗುವವರ ಮುಖವನ್ನು ಒಂದು ದಿನವೂ ತೋರಿಸಲಿಲ್ಲ. ಮೊದಲ ವಾರ ನಾನು ಟಿ.ವಿ.ಯ ಹಿಂದೆ ಹೋಗಿ ಇಣುಕಿ ನೋಡಿ ಬೈಸಿಕೊಂಡೆ. ನಮ್ಮ ಓಣಿಯ ಅರ್ಧಕ್ಕರ್ಧ ಜನಕ್ಕೆ ಆ ಹಿಂದಿ ತಿಳಿಯುತ್ತಿರಲಿಲ್ಲ. ಆದರೂ ಡಬ್ಬಿ ನಕ್ಕರೆ ಇವರೂ ನಗುತ್ತಿದ್ದರು, ಅದು ನಿಲ್ಲಿಸಿದರೆ ಇವರೂ ನಿಲ್ಲಿಸುತ್ತಿದ್ದರು. ಆಮೇಲೆ "ಏನಂದನೋ ಅಂವಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನನಗೇನೋ ಆ ಕಾಣದ ಜನಕ್ಕೆ ನಾವು ಕಾಣುತ್ತೇವೆ ಅನಿಸುತ್ತಿತ್ತು. ಇಲ್ಲೊಬ್ಬರು ನಗುತ್ತಿಲ್ಲ ಎಂದು ಅವರು ಯಾವತ್ತಾದರೂ ಆಯಿಗೆ ಹೇಳಿಬಿಟ್ಟರೆ…

ಹೇಳಬೇಕಾಗಲಿಲ್ಲ. ಆಯಿಗೇ ಕಂಡಿತು. ಮೊದಲ ವಾರವೇ, ಮಂದಿ ಎದ್ದು ಹೋದ ಮೇಲೆ, ವೈನಿಯ ಎದುರು ಬಂದು ನಿಂತು ಹೇಳಿದರು: "ಎಲ್ಲಾರೂ ನಗೂಮುಂದ ನೀ ಒಬ್ಬಾಕಿ ಮಾರಿ ಗಂಟ ಹಾಕ್ಕೊಂಡು ಕುಂತ್ರ ಓಣ್ಯಾಗಿನ ಮಂದಿ ಏನಂದಾರ? ಸೊಸಿಗೆ ತ್ರಾಸ ಕೊಡಾಕತ್ತಾರ ಅಂದಾರ. ಮುಂದಿನ ವಾರದಿಂದ ನಗಬೇಕ ನೋಡ."

ಹೀಗೆ ನಗುವುದು ಆ ಮನೆಯಲ್ಲಿ ವೈನಿಯ ಇನ್ನೊಂದು ಕೆಲಸವಾಯಿತು. ಕೂತಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಆ ಬೆನ್ನುಗಳು ಅಲುಗಿದ ಮೇಲೆ ನಕ್ಕರೆ ತಡವಾಗುತ್ತಿತ್ತು. ಉಪಾಯ ಹುಡುಕಿದ್ದು ಅವರೇ. ಸೀರೆಯ ನೆರಿಗೆಯಡಿಯಿಂದ ಕಾಲನ್ನು ಸ್ವಲ್ಪ ಮುಂದೆ ಚಾಚಿ ಕೂರುತ್ತಿದ್ದರು. ಡಬ್ಬಿ ನಕ್ಕ ಕೂಡಲೇ ನಾನು ಅವರ ಕಾಲುಂಗುರ ಒತ್ತಬೇಕು. ಒತ್ತಿದರೆ ನಗು. ಬಿಟ್ಟರೆ ನಿಲ್ಲಿಸು. ಬಿಡುವವರೆಗೂ ಅವರು ನಗುತ್ತಲೇ ಇರುತ್ತಿದ್ದರು.

ಅಲ್ಲಿಂದ ನಾಲ್ಕೈದು ತಿಂಗಳು ನಾನು ಆ ಧಾರಾವಾಹಿಯ ಒಂದು ಹಾಸ್ಯವನ್ನೂ ಕೇಳಲಿಲ್ಲ. ಬರೀ ನಗುವಿಗಾಗಿ ಕಿವಿ ನಿಮಿರಿಸಿ ಕೂರುತ್ತಿದ್ದೆ. ಕೈ ಬೆವರಿ ಉಂಗುರ ಜಾರುತ್ತಿತ್ತು. ಶನಿವಾರ ಬಂತೆಂದರೆ ಹೊಟ್ಟೆನೋವು ಶುರುವಾಗುತ್ತಿತ್ತು. ಅವ್ವ ಅಜವಾನದ ನೀರು ಕುಡಿಸುತ್ತಿದ್ದಳು. ವೈನಿಗೆ ತಮ್ಮ ದನಿಯೂ ಕೇಳದ್ದರಿಂದ ಅವರ ನಗು ಪ್ರತಿಸಲವೂ ಒಂದೇ ಅಳತೆಯದು, ತುಸು ಜೋರು, ಥೇಟ್ ಡಬ್ಬಿಯ ನಗುವಿನ ಹಾಗೆ. ಅದು ಯಾರಿಗೂ ಹೊಳೆಯಲಿಲ್ಲ. ಆಯಿ ಒಮ್ಮೆ ನಮ್ಮ ಅವ್ವನ ಮುಂದೆ, "ಈಗ ಚಲೋ ನಗತಾಳ ನೋಡ್ರಿ ನಮ್ಮ ಸೊಸಿ" ಎಂದು ಹೆಮ್ಮೆಪಟ್ಟರು.

ಯುಗಾದಿಯಾದ ಮೇಲಿನ ಒಂದು ಭಾನುವಾರ. ಧಾರಾವಾಹಿ ಅರ್ಧಕ್ಕೆ ಬಂದಿತ್ತು. ಟಿ.ವಿ.ಯ ಬಾಜೂ ಇದ್ದ ತಲಬಾಗಿಲಲ್ಲಿ ಒಬ್ಬರು ಸೈಕಲ್ ಇಳಿದು ನಿಂತರು, ಆಯಿಯ ತವರಾದ ಅನಗೋಳದಿಂದ ಬಂದವರು. ಅವರ ಮುಖ ನೋಡಿದ ವೈನಿಯ ಗಂಡ ಎದ್ದು ಗುಂಡಿ ತಿರುಗಿಸಿ ಟಿ.ವಿ.ಯ ಸದ್ದನ್ನು ಪೂರಾ ಅಡಗಿಸಿದರು. ಚಿತ್ರ ಮಾತ್ರ ಓಡುತ್ತಿತ್ತು. ಚಿತ್ರ ಸರಿಮಾಡಲು ಅವರು ಆಗಾಗ ಏಳುತ್ತಿದ್ದದ್ದರಿಂದ ವೈನಿಗೆ ಅದು ವಿಶೇಷವೆನಿಸಲಿಲ್ಲ. ಬಾಗಿಲಲ್ಲಿ ನಿಂತವರು ವೈನಿ ಕೂತಲ್ಲಿಗೆ ಕಾಣುತ್ತಿರಲಿಲ್ಲ.

"ಆಯಿ, ನಿಮ್ಮ ತಮ್ಮಾರು ಹೋದರ್ರಿ. ಈಗ ಒಂದ ತಾಸಾತು."

ಅಷ್ಟರಲ್ಲಿ ಡಬ್ಬಿಯೊಳಗಿನವನೊಬ್ಬ ಕುರ್ಚಿ ಎಂದು ತಿಳಿದು ಬರೀ ಗಾಳಿಯಲ್ಲಿ ಕೂತು ಬಿದ್ದ. ಉಳಿದವರು ಮಾತು ನಿಲ್ಲಿಸಿ ನಿಂತರು. ಕಾಣದ ಜನ ನಗುವಾಗ ಅವರು ಹಾಗೆ ನಿಲ್ಲುತ್ತಿದ್ದದ್ದು ವೈನಿಗೆ ನೋಡಿ ನೋಡಿ ರೂಢಿಯಾಗಿತ್ತು. ಅವರ ತುಟಿ ಸಡಿಲಾದದ್ದು ನನಗೆ ಕಾಣಿಸಿತು. ಈಗ ನಗುತ್ತಾರೆ, ತಡೆಯಬೇಕು… ಎಂದು ಗಾಬರಿಯಲ್ಲಿ ಅವರ ಕಾಲು ಹಿಡಿದೆ.

ಹಿಡಿದ ಮೇಲೆ ಗೊತ್ತಾಯಿತು. ನಮ್ಮಲ್ಲಿ ನಗು ಎನ್ನುವುದಕ್ಕೆ ಸನ್ನೆ ಇತ್ತು, ನಗಬೇಡ ಎನ್ನುವುದಕ್ಕೆ ಇರಲಿಲ್ಲ. ಅದೂ ಒಂದು ಬೇಕಾಗುತ್ತದೆ ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ವೈನಿ ನಕ್ಕರು. ಸಾವಿನ ಸುದ್ದಿ ಬಂದ ಆ ಮನೆಯಲ್ಲಿ ಅವರೊಬ್ಬರೇ ಬಾಯಿತುಂಬ ನಕ್ಕರು. ಕೈ ಬಿಟ್ಟಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು. ಹೆದರಿಕೆಗೆ ನನ್ನ ಬೆರಳುಗಳು ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಒತ್ತಿದವು. ಅವರು ಪರದೆ ನೋಡುತ್ತಾ ಇನ್ನೂ ಜೋರಾಗಿ ನಕ್ಕರು. ಒಂದೊಂದೇ ತಲೆ ಹಿಂದೆ ತಿರುಗಿತು. ಕೊನೆಗೆ ಆಯಿಯದು. ಆ ಮುಖ ಕಂಡದ್ದೇ ವೈನಿಯ ನಗು ಅರ್ಧಕ್ಕೆ ನಿಂತು, ಅವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಏನಾತು ಎಂದು ಕೇಳುತ್ತಿದ್ದರು, ಅಷ್ಟೇ. ನಾನು ನೆಲ ನೋಡಿದೆ.

ಆಗ ನಾನೂ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಹುಡುಗಿ ನಗಿಸಿತು ಎಂದು ನನಗೆರಡು ಬಿಗಿಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಡಬ್ಬಿ ನಕ್ಕಾಗ ಓಣಿಯೆಲ್ಲ ನಗುತ್ತಿತ್ತಲ್ಲ, ವೈನಿಯ ಜೊತೆ ನಗಲಿಕ್ಕೆ ಮಾತ್ರ ಒಬ್ಬರೂ ಇರಲಿಲ್ಲ. ನಾನೂ ಇರಲಿಲ್ಲ.

ಅವರ ಗಂಡ ನಿಧಾನಕ್ಕೆ ಅಡುಗೆಮನೆಯ ಹೊಸ್ತಿಲು ದಾಟಿ ಒಳಹೋಗಿ ಅವರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ವೈನಿ ತಿರುಗಲಿಲ್ಲ. ಇನ್ನೊಮ್ಮೆ ತಟ್ಟಿದರು. ನನ್ನ ಮೈ ಎರಡು ಸಲವೂ ಬೆಚ್ಚಿತು. ವೈನಿ ಮಾತ್ರ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು.

ಮಣ್ಣು ಮುಗಿದ ನಾಲ್ಕನೆಯ ದಿನ ಅವರನ್ನು ಖಾನಾಪುರದ ಬಸ್ಸಿಗೆ ಕರೆದೊಯ್ದರು. "ನಾಕ ದಿನಾ ತವರಾಗ ಇದ್ದು ಬರ್ಲಿ" ಎಂದು ಆಯಿ ಓಣಿಗೆ ಕೇಳುವಂತೆ ಹೇಳಿದರು. ಹೊರಡುವ ಮುಂಚೆ ವೈನಿ ನಮ್ಮ ಮನೆಗೆ ಬಂದು, "ತಂಗಿ ಎಲ್ಲದಾಳ್ರಿ?" ಎಂದು ಅವ್ವನನ್ನು ಕೇಳಿದರು. ನಾನು ಬಾಗಿಲ ಹಿಂದೆ ನಿಂತು ಬಿಕ್ಕುತ್ತಿದ್ದೆ. ಅವ್ವನಿಗೆ ಕೇಳಿಸಿತು, ದಾರಿಯಲ್ಲಿ ನಿಂತಿದ್ದ ಅವರ ಗಂಡನಿಗೂ ಕೇಳಿಸಿರಬೇಕು. ವೈನಿಗೊಬ್ಬರಿಗೇ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಕಾದು ಹೋದರು. ಮರುವರ್ಷ ಆ ಮನೆಗೆ ಬೇರೆ ಸೊಸೆ ಬಂದಳು. ಟಿ.ವಿ. ನೋಡಲು ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಹತ್ತು ಹನ್ನೆರಡು ವರ್ಷಗಳ ಮೇಲೆ ಖಾನಾಪುರದ ಒಂದು ಮದುವೆಯಲ್ಲಿ ವೈನಿಯ ತಂಗಿ ಸಿಕ್ಕರು. ಕೇಳಲೋ ಬೇಡವೋ ಎಂದು ಊಟ ಮುಗಿಯುವ ತನಕ ಅಂಜಿ, ಕೈ ತೊಳೆಯುವಾಗ ಕೇಳಿದೆ. ವೈನಿ ಎರಡು ಮಳೆಗಾಲದ ಹಿಂದೆ ತೀರಿಕೊಂಡರಂತೆ. ಎಲೆ ಎತ್ತುವವರಿಗೆ ದಾರಿ ಬಿಡುತ್ತಾ ಅವರ ತಂಗಿ ಇನ್ನೊಂದು ಮಾತು ಹೇಳಿದರು.

"ನಮ್ಮ ಮನಿಗೆ ಟಿ.ವಿ. ಬಂದ ಮ್ಯಾಲ ಅಕ್ಕಾ ದಿನಾ ನನ್ನ ಮಗಳ ಬಾಜೂ ಬಂದು ಕುಂದರತಿದ್ಲು. ಕುಂತು ಕಾಲು ಮುಂದ ಚಾಚತಿದ್ಲು. ಯಾಕಂತ ನಮಗ ಕಡೀತನಾ ಗೊತ್ತಾಗಲಿಲ್ಲ ನೋಡ್ರಿ."

ನನಗೆ ಗೊತ್ತಿತ್ತು. ಹೇಳಲಿಲ್ಲ. ಅಲ್ಲೂ ಹೆದರಿಕೆ.

ಮೊನ್ನೆ, ಯಂತ್ರಕ್ಕೆ ಎಣ್ಣೆ ಬಿಟ್ಟ ದಿನವೇ, ಸಂಜೆ ಮಗಳು ಏನೋ ನಗೆ ಕಾರ್ಯಕ್ರಮ ಹಚ್ಚಿಕೊಂಡು ಕೂತಿದ್ದಳು. ಫೋನು ಬಂತೆಂದು ಸದ್ದು ಅಡಗಿಸಿ ಮಾತಾಡತೊಡಗಿದಳು. ಪರದೆಯ ಮೇಲಿನವರು ಏನೋ ಅಂದು, ಕಾಣದ ಜನ ನಗಲೆಂದು ಸುಮ್ಮನೆ ನಿಂತರು. ಕೋಣೆಯಲ್ಲಿ ಯಾರೂ ನಗಲಿಲ್ಲ. ನಾನು ಗಟ್ಟಿಯಾಗಿ ನಕ್ಕೆ. ಹಾಸ್ಯ ಏನೆಂದು ನನಗೆ ಇವತ್ತಿಗೂ ತಿಳಿಯದು. ಮಗಳು ಫೋನು ಕಿವಿಯಿಂದ ತೆಗೆದು, "ಏನಾತವ್ವಾ?" ಎಂದಳು.

"ಏನಿಲ್ಲ, ನೀ ಮಾತಾಡು" ಎಂದೆ. ಕೆಳಗೆ ನೋಡಿದರೆ ನನ್ನ ಎಡಗೈ ಕುರ್ಚಿಯ ಅಂಚನ್ನು ಒತ್ತಿ ಹಿಡಿದಿತ್ತು. ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.